ಮಂಚ ಬಿಟ್ಟಿಳಿದ ಅಳಿಯ

ಹೋದ ವಾರ ಡಾಕ್ಟರು ನನ್ನ ಬೆನ್ನಿನ ಮೇಲೆ ಎರಡು ಬೆರಳು ಓಡಿಸಿ, ಎಕ್ಸ್‌ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, ಕೊನೆಗೆ ಹೇಳಿದ್ದು ಇಷ್ಟೇ: ಮೆತ್ತನೆಯ ಗಾದಿ ಬಿಡಿ, ನೆಲದ ಮೇಲೆ ತೆಳ್ಳಗೆ ಹಾಸಿಕೊಂಡು ಮಲಗಿ. ಇಷ್ಟು ಹೇಳುವುದಕ್ಕೆ ಎಕ್ಸ್‌ರೇ ಯಾಕೆ ಬೇಕಾಯಿತೋ ಶಿವನೇ ಬಲ್ಲ. ನಮ್ಮಪ್ಪ ಇದೇ ಮಾತನ್ನು ಮಸ್ಕಿಯ ಅಂಗಡಿಯಲ್ಲಿ ಕೂತು, ಬೆಲ್ಲ ತೂಗುತ್ತ, ಕೇಳಿದವರಿಗೂ ಕೇಳದವರಿಗೂ ಪುಕ್ಕಟೆ ಹೇಳುತ್ತಿದ್ದ.

ಮನೆಗೆ ಬಂದು ವಿಷಯ ತಿಳಿಸಿದರೆ, ವಯಸ್ಸಾಯಿತೆಂದು ಆ ಗಾದಿಯನ್ನು ಒತ್ತಾಯದಿಂದ ಹಾಕಿಸಿದ್ದ ಸೊಸೆ ಸುಜಾತಾ ಮುಖ ಸಣ್ಣದು ಮಾಡಿಕೊಂಡಳು. ಮಗ ಸೊಸೆ ಮಂಚದ ಮೇಲೆ ಮಲಗಿ ಮುದುಕನನ್ನು ನೆಲಕ್ಕೆ ಹಾಕಿದ್ದಾರೆ ಎಂದು ಓಣಿಯವರು ಆಡಿಕೊಳ್ಳುವುದಿಲ್ಲವೇ ಎಂಬುದು ಆಕೆಯ ಚಿಂತೆ. ಕೌದಿ ಕೈಯಲ್ಲಿ ಹಿಡಿದು ಹಾಸಲೋ ಬೇಡವೋ ಎಂದು ನಿಂತು, ಕೊನೆಗೆ ದನಿ ತಗ್ಗಿಸಿ ಕೇಳಿದಳು.

"ಮಾವಾರ, ನಮ್ಮಿಂದ ಏನಾರ ತಪ್ಪಾಗೇತೇನ್ರಿ? ನಿಮಗ ಏನಾರ ಬೇಕಾಗಿತ್ತೇನ್ರಿ?"

ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ತಡ ನನ್ನ ಮುಖ ಕಾದ ಹೆಂಚಾಯಿತು. ಇದೇ ಪ್ರಶ್ನೆಯನ್ನು, ನೆಲಕ್ಕೆ ಮಲಗಿದ್ದಕ್ಕೇ, ನನಗೆ ಲಿಂಗಸುಗೂರಿನಲ್ಲಿ ಹಿಂದೊಮ್ಮೆ ಕೇಳಿದ್ದರು. ಆಗ ನನಗೆ ಮೀಸೆ ಸರಿಯಾಗಿ ದಟ್ಟವಾಗಿರಲಿಲ್ಲ. ಈಗ ಇರುವ ಮೀಸೆಯೂ ಬೆಳ್ಳಗಾಗಿದೆ. ನಾಚಿಕೆ ಮಾತ್ರ ಅವತ್ತಿನದೇ, ಒಂದಿಷ್ಟೂ ಮಾಸಿಲ್ಲ.

ಹೇಳುತ್ತೇನೆ ಕೇಳಿ. ಆದರೆ ಮೊದಲು ನಮ್ಮಪ್ಪನ ವಿಷಯ ಮುಗಿಯಬೇಕು. ಅವನು ಬದುಕಿದ್ದಾಗಲೂ ಹಾಗೇ, ತನ್ನ ಮಾತು ಮುಗಿಯದೆ ಬೇರೆಯವರಿಗೆ ಬಾಯಿ ತೆರೆಯಗೊಡುತ್ತಿರಲಿಲ್ಲ.

ಮಸ್ಕಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಶಹಾಬಾದಿ ಪರಸಿ ಹಾಸಿದ ಪಡಸಾಲೆ. ಆ ಕಲ್ಲಿನ ಹಾಸೇ ಅಪ್ಪನ ದವಾಖಾನೆ. ನೆಲಕ್ಕೆ ಮಲಗಿದವನಿಗೆ ಬೆನ್ನು ನೆಟ್ಟಗಿರುತ್ತದೆ, ಹಸಿವು ಹತ್ತುತ್ತದೆ, ಕೆಟ್ಟ ಕನಸು ಬೀಳುವುದಿಲ್ಲ, ಮುಪ್ಪಿನಲ್ಲಿ ಕೋಲು ಬೇಕಾಗುವುದಿಲ್ಲ ಎಂದು ಅವನ ಸಿದ್ಧಾಂತ. ಹಗ್ಗ ಹೆಣೆದ ಹೊರಸು ಬಾಣಂತಿಗೆ, ಮಂಚ ರೋಗಿಗೆ. ಎರಡೂ ಅಲ್ಲದವನು ನೆಲ ಬಿಟ್ಟು ಮೇಲೆ ಯಾಕೆ ಏರಬೇಕು ಎಂದು ಗಿರಾಕಿಗಳನ್ನು ಕೇಳುತ್ತಿದ್ದ. ಗಿರಾಕಿಗಳು ಉಪ್ಪು ಕಟ್ಟಿಸಿಕೊಂಡು ಹೋಗುವ ಅವಸರದಲ್ಲಿ ಹೌದ್ಹೌದು ಎನ್ನುತ್ತಿದ್ದರು.

ನಮ್ಮ ಎದುರು ಸಾಲಿನಲ್ಲಿ ಒಬ್ಬ ಹಕೀಮರಿದ್ದರು. ನೆಲದ ಥಂಡಿ ಎಲುಬಿಗೆ ಇಳಿಯುತ್ತದೆ, ಕೀಲು ಹಿಡಿಯುತ್ತದೆ ಎಂಬುದು ಅವರ ವಾದ. ಇಬ್ಬರಿಗೂ ದಿನ ಬೆಳಗಾದರೆ ಇದೇ ಜಗಳ, ಅದೂ ಒಂದೇ ಚಹಾ ಅರ್ಧರ್ಧ ಕುಡಿಯುತ್ತ. ಅಪ್ಪನ ಮಾತು ಕೇಳಿ ಚಳಿಗಾಲದಲ್ಲಿ ಪರಸಿ ಮೇಲೆ ಮಲಗಿದವರು ನೆಗಡಿ, ಕೆಮ್ಮು ಹತ್ತಿಸಿಕೊಂಡು ಹಕೀಮರ ಕಡೆ ಹೋಗುತ್ತಿದ್ದರು. ಹಕೀಮರು ಹೇಳಿದ ಶುಂಠಿ, ಹಿಪ್ಪಲಿ, ಜ್ಯೇಷ್ಠಮಧು ಕೊಳ್ಳಲು ತಿರುಗಿ ನಮ್ಮ ಅಂಗಡಿಗೇ ಬರುತ್ತಿದ್ದರು. ಹೀಗೆ ಎರಡೂ ಮನೆಯ ಒಲೆ ಉರಿಯುತ್ತಿತ್ತು. ಇದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಅವರಿಬ್ಬರಿಗೆ ಮೊದಲೇ ಗೊತ್ತಿತ್ತೋ ಏನೋ.

ಮಕ್ಕಳಾದ ನಾವು ಪಡಸಾಲೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಅವ್ವನ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ, ಅದರಲ್ಲಿ ಅವ್ವನ ಇಳಕಲ್ ಸೀರೆಯ ಕೆಂಪು ದಡಿ ಬಂದ ಜಾಗಕ್ಕಾಗಿ ನಮ್ಮಲ್ಲಿ ಹೊಡೆದಾಟ. ಬೇಸಿಗೆಯಲ್ಲಿ ಪರಸಿಗೆ ನೀರು ಚಿಮುಕಿಸಿ, ಅದು ಆರುವ ಮೊದಲೇ ಬರಿ ಮೈಯಲ್ಲಿ ಬಿದ್ದುಕೊಂಡರೆ ಸ್ವರ್ಗಕ್ಕೆ ಬೇರೆ ದಾರಿ ಹುಡುಕಬೇಕಾಗಿರಲಿಲ್ಲ. ಚೇಳು ಬರುತ್ತದೆಂದು ಅವ್ವ ಕಂದೀಲು ಹಿಡಿದು ಮೂಲೆಮೂಲೆ ನೋಡುತ್ತಿದ್ದಳು. ನನಗೆ ಹೊರಳುವ ರೋಗ. ರಾತ್ರಿ ಗೋಡೆಯ ಹತ್ತಿರ ಮಲಗಿದವನು ಬೆಳಿಗ್ಗೆ ಜೋಳದ ಚೀಲಗಳ ಸಂದಿಯಲ್ಲಿ ಸಿಗುತ್ತಿದ್ದೆ. ನೆಲವಾದ್ದರಿಂದ ಬೀಳುವ ಭಯವಿಲ್ಲ. ನೆಲಕ್ಕೆ ಮಲಗಿದವನು ಎಲ್ಲಿಗೆ ಬಿದ್ದಾನು ಎಂದು ಅಪ್ಪ ಅದನ್ನೂ ತನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದ.

ನಿಜಾಮರ ಆಳ್ವಿಕೆಯ ಕೊನೆಗಾಲ, ನಲವತ್ತೆಂಟರ ಗಲಾಟೆಯಲ್ಲಿ ಸುತ್ತಲಿನ ಹಳ್ಳಿಗಳಿಂದ ನೆಂಟರು ಜೀವ ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಮುದುಕರು, ಕೂಸುಗಳು ಎಲ್ಲರೂ ಪರಸಿ ಮೇಲೆ. ಅವರಿಗೆ ಬಿಟ್ಟು ಬಂದ ಮನೆಯ ಚಿಂತೆ, ದನಗಳ ಚಿಂತೆ. ನಮ್ಮಪ್ಪ ಅವರ ನಡುವೆ ನಿಂತು, ಹೆದರಬೇಡಿ, ನಾಲ್ಕು ದಿನ ಇಲ್ಲಿ ಮಲಗಿದರೆ ನಿಮ್ಮ ಬೆನ್ನೆಲ್ಲ ನೆಟ್ಟಗಾಗುತ್ತವೆ ಎಂದ. ಒಬ್ಬ ಮುದುಕಿ ಅವನ ಮುಖವನ್ನೇ ನೋಡುತ್ತ ಕೂತಳು. ನಾನು ನಾಚಿ ಕೌದಿಯನ್ನು ತಲೆ ಮೇಲೆ ಎಳೆದುಕೊಂಡೆ.

ಇಂಥ ಅಪ್ಪನ ಮಗ ನಾನು. ಅದೂ ಸಾಮಾನ್ಯ ಮಗನಲ್ಲ, ಅಂಗಡಿಯ ಬೋರ್ಡು. ಯಾರಾದರೂ ಅಪ್ಪನ ಸಿದ್ಧಾಂತವನ್ನು ಅನುಮಾನಿಸಿದರೆ ನನ್ನನ್ನು ಕರೆದು, ಅಂಗಿ ಬಿಚ್ಚಿಸಿ, ಗಿರಾಕಿಗಳ ಕಡೆಗೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದ. "ನೋಡ್ರಿ, ಒನಕಿ ಇದ್ದಾಂಗ ಐತಿ" ಎನ್ನುತ್ತಿದ್ದ. ಹೆಂಗಸರು ಇದ್ದರೂ ಬಿಡುತ್ತಿರಲಿಲ್ಲ.

ಆ ಒನಕೆ ಒಂದು ದಿನ ಮುರಿಯಿತು. ಶೇಂಗಾ ಬರುವ ಕಾಲ. ಹಮಾಲರು ಚೀಲ ಹೊರುವುದನ್ನು ನೋಡಿ ನನಗೂ ಹುರುಪು ಬಂತು. ಒಂದು ಚೀಲಕ್ಕೆ ಬೆನ್ನು ಕೊಟ್ಟೆ. ಟೊಂಕದಲ್ಲಿ ಕಟ್ ಎಂದಿತು, ಕಣ್ಣಿಗೆ ಕತ್ತಲೆ ಬಂತು. ಅವತ್ತಿನಿಂದ ಸುರುವಾದದ್ದು ಈ ಟೊಂಕನೋವು. ನ್ಯಾಯವಾಗಿ ಹೇಳಬೇಕೆಂದರೆ ಅಪ್ಪನ ನೆಲವೇ ನನ್ನನ್ನು ಕಾಪಾಡಿತು. ಪರಸಿ ಮೇಲೆ ಚಾಚಿಕೊಂಡರೆ ಬೆಳಗಾಗುವಷ್ಟರಲ್ಲಿ ನೋವು ಇಳಿದಿರುತ್ತಿತ್ತು. ಜೋತುಬಿದ್ದ ಹೊರಸಿನ ಮೇಲೆ ಒಂದು ಗಳಿಗೆ ಮಲಗಿದರೆ ಮಾತ್ರ ಬಿಲ್ಲಿನ ಹಾಗೆ ಬಾಗಿ ಏಳಬೇಕು. ಇದನ್ನು ಯಾರಿಗೂ ಹೇಳಲಿಲ್ಲ. ಬೋರ್ಡೇ ಬಿರುಕು ಬಿಟ್ಟಿದೆ ಎಂದು ಅಂಗಡಿಯವನಿಗೆ ಹೇಗೆ ಹೇಳುವುದು?

ಮುಂದೆ ನನಗೆ ಸಿಂಧನೂರಿನಲ್ಲಿ ಮಾಸ್ತರಿಕೆ ಸಿಕ್ಕಿತು. ಕಾಲುವೆಯ ಕೆಲಸ ನಡೆದ ಕಾಲ, ಊರ ತುಂಬ ಹೊರಗಿನ ಮಂದಿ, ಬಾಡಿಗೆಗೆ ಒಂದು ಖೋಲಿ ದೊರೆತದ್ದೇ ಪುಣ್ಯ. ಸಾರಿಸಿದ ಮಣ್ಣಿನ ನೆಲ, ಮೇಲೆ ಒಂದು ಚಾಪೆ. ಸುಖವಾಗಿದ್ದೆ. ಅಷ್ಟರಲ್ಲಿ ಲಿಂಗಸುಗೂರಿನ ಹೆಣ್ಣು ಗೊತ್ತಾಯಿತು. ಹೆಸರು ನೀಲಮ್ಮ. ಆಕೆಯ ತಂದೆ ಸಣ್ಣ ಒಕ್ಕಲುತನದವರು, ಒಂದಿಷ್ಟು ಹೊಲ, ಒಂದು ಎಮ್ಮೆ. ಮಾತುಕತೆಗೆ ಬಂದವರ ಎದುರಿಗೂ ಅಪ್ಪ ನನ್ನ ಬೆನ್ನನ್ನು ಹೊಗಳಿದ. ಅಂಗಿ ಬಿಚ್ಚಿಸಲಿಲ್ಲ ಎಂಬುದೊಂದೇ ಸಮಾಧಾನ. ಹುಡುಗನಿಗೆ ಒಂದು ದಿನ ಮೈ ಬಿಸಿಯಾದದ್ದಿಲ್ಲ, ಟೊಂಕ ನೋಯಿತು ಅಂದದ್ದಿಲ್ಲ ಎಂದು ಬೀಗರ ಕೈ ಹಿಡಿದು ಹೇಳಿದ. ನಾನು ಬಾಗಿಲ ಹಿಂದೆ ಟೊಂಕದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ.

ಮದುವೆಯಾಯಿತು. ನೀಲಮ್ಮ ಇನ್ನೂ ತವರಿನಲ್ಲೇ ಇದ್ದಳು, ಸಿಂಧನೂರಿನಲ್ಲಿ ಸಂಸಾರ ಹೂಡಿರಲಿಲ್ಲ. ನಾವಿಬ್ಬರೂ ಎದುರುಬದುರು ಕೂತು ನಾಲ್ಕು ಮಾತು ಆಡಿದವರಲ್ಲ. ಐವತ್ತಮೂರೋ ಐವತ್ತನಾಲ್ಕೋ ಇರಬೇಕು, ಮೊದಲ ದೀಪಾವಳಿಗೆ ಅಳಿಯತನಕ್ಕೆ ಕರೆ ಬಂತು. ಹೊಸ ಅಂಗಿ ತೊಟ್ಟುಕೊಂಡು ಲಿಂಗಸುಗೂರಿಗೆ ಹೋದೆ.

ಪಡಸಾಲೆಯ ನಡುವೆ ಒಂದು ಮಂಚ ನನ್ನ ದಾರಿ ಕಾಯುತ್ತಿತ್ತು. ನವಾರದ ಬಟ್ಟೆಪಟ್ಟಿ ಹೆಣೆದ ದೊಡ್ಡ ಮಂಚ, ಕಾಲಿಗೆ ಬಣ್ಣ, ಮೇಲೆ ಹತ್ತಿಯ ಗಾದಿ, ಹೂವಿನ ಚಾದರ. ಅದು ಮಾವನ ಮನೆಯದಲ್ಲ, ಬಗಲ ಮನೆಯ ಗುಮಾಸ್ತರದು ಎಂದು ಆಮೇಲೆ ತಿಳಿಯಿತು. ಗುಮಾಸ್ತರು ತಹಸೀಲ ಕಚೇರಿಯಲ್ಲಿದ್ದವರು, ನಿಜಾಮರ ಕಾಲದ ಟೋಪಿ ಇನ್ನೂ ಬಿಟ್ಟಿರಲಿಲ್ಲ. ಅಳಿಯ ಮಾಸ್ತರ, ಅವನನ್ನು ನೆಲಕ್ಕೆ ಮಲಗಿಸುವುದು ಹೇಗೆ ಎಂದು ಮಾವ ಅವರಲ್ಲಿಗೆ ಹೋಗಿ, ಕೈ ಮುಗಿದು, ಆ ಮಂಚವನ್ನು ತಲೆಯ ಮೇಲೆ ಹೊತ್ತು ತಂದಿದ್ದರು.

ಹಬ್ಬದ ಮನೆ. ಹೆಂಗಸರೆಲ್ಲ ಒಳಗೆ, ಮಾವ ಹೊರಗೆ ಎಮ್ಮೆಯ ಹತ್ತಿರ ಕಟ್ಟೆಯ ಮೇಲೆ, ಪಡಸಾಲೆಯಲ್ಲಿ ಮಂಚ ಮತ್ತು ನಾನು. ಆ ನವಾರ ಸಡಿಲಾಗಿತ್ತು. ಮೇಲೆ ಕೂತದ್ದೇ ತಡ ನಡು ಕೆಳಗೆ ಹೋಯಿತು, ತಲೆ ಕಾಲು ಮೇಲೆ ಬಂದವು. ತೊಟ್ಟಿಲಲ್ಲಿ ಕೂಸು ಹಾಕಿದ ಹಾಗಾಯಿತು. ಮಗ್ಗುಲು ಬದಲಿಸೋಣವೆಂದರೆ ಎಲ್ಲ ಕಡೆಯೂ ಏರು. ಅರ್ಧ ರಾತ್ರಿಗೆ ಟೊಂಕ ಮಾತಾಡತೊಡಗಿತು. ಮೆಲ್ಲಗೆ ಕೆಳಗಿಳಿದು ಬರಿ ನೆಲಕ್ಕೆ ಚಾಚಿಕೊಂಡೆ. ಆಹಾ! ಬೆಳಗಾಗುವ ಮೊದಲೇ ಎದ್ದು ಮಂಚ ಹತ್ತಿದರಾಯಿತು ಎಂದುಕೊಂಡೆ. ಆ ನಿದ್ದೆ ಎಂಥದು ಎಂದರೆ, ಕಣ್ಣು ಬಿಟ್ಟಾಗ ಸೂರ್ಯ ಹೊಸ್ತಿಲು ದಾಟಿದ್ದ.

ಒಳಗೆ ಪಿಸುಮಾತು ನಡೆದಿತ್ತು. ಅತ್ತೆ ನನ್ನ ಎದುರಿಗೆ ಬರುವವರಲ್ಲ, ಆಗಿನ ಮರ್ಯಾದೆ ಹಾಗೆ. ಬಾಗಿಲ ಮರೆಯಲ್ಲಿ ನಿಂತು ಯಾರಿಗೋ ಹೇಳಿದ್ದು ಕೇಳಿಸಿತು: "ಅಳಿಯಂದ್ರು ಸೆಟಗೊಂಡಾರ."

ಇದನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ಅಳಿಯತನಕ್ಕೆ ಬಂದ ಅಳಿಯ ಮುನಿಸಿಕೊಳ್ಳುವುದೆಂದು ನಮ್ಮ ಕಡೆ ಒಂದು ಪದ್ಧತಿ ಇತ್ತು. ವಾಚು ಬೇಕಾದರೆ, ಉಂಗುರ ಬೇಕಾದರೆ, ಅವನು ಬಾಯಿ ಬಿಟ್ಟು ಕೇಳಬಾರದು. ಉಣ್ಣುವಾಗ ಅರ್ಧಕ್ಕೆ ಏಳಬೇಕು, ಇಲ್ಲವೆ ಹಾಸಿದ ಹಾಸಿಗೆ ಬಿಟ್ಟು ಬರಿ ನೆಲಕ್ಕೆ ಮಲಗಬೇಕು. ಆಗ ಮನೆಯವರು ಬಂದು ಏನು ಬೇಕು ಎಂದು ಕೇಳಬೇಕು. ಅವನು ಏನೂ ಬೇಡ ಎನ್ನಬೇಕು. ಅವರು ಮತ್ತೆ ಕೇಳಬೇಕು. ಹೀಗೆ ಗುದ್ದಾಡಿ ಕೊನೆಗೆ ವಸ್ತು ಬರುತ್ತಿತ್ತು. ನನಗಿದು ಗೊತ್ತಿರಲಿಲ್ಲವೆಂದಲ್ಲ. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಹುಟ್ಟಿದಾಗಿನಿಂದ ನೆಲಕ್ಕೇ ಮಲಗಿದವರು. ನೆಲಕ್ಕೆ ಮಲಗುವುದೂ ಒಂದು ಮಾತು ಆಡಿದ ಹಾಗೆ ಎಂದು ನನ್ನ ತಲೆಗೆ ಹೋಗಿರಲಿಲ್ಲ.

ಗುಮಾಸ್ತರನ್ನು ಮುಂದೆ ಮಾಡಿ ಕಳಿಸಿದರು. ಅವರು ಮೊದಲು ತಮ್ಮ ಮಂಚವನ್ನು ನೋಡಿದರು, ಸುಕ್ಕಾಗದ ಚಾದರವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಮಾಸ್ತರ, ದಿಲ್‌ನ್ಯಾಗ ಏನೈತಿ ಫರಮಾಯಿಸ್ರಿ. ಸೈಕಲ್ಲೋ, ವಾಚೋ?"

ನನಗೆ ಏನೂ ಬೇಡ ಎಂದೆ. ಅವರು ಮುಗುಳ್ನಕ್ಕು ತಲೆಯಾಡಿಸಿದರು. ಮೊದಲ ದಿನ ಎಲ್ಲರೂ ಹೇಳುವ ಉತ್ತರವನ್ನೇ ನಾನೂ ಹೇಳಿದ್ದೆ. ನೆಲ ನನಗೆ ರೂಢಿ, ಬೇರೆ ಏನಿಲ್ಲ ಎಂದೆ. ಹೋದ ವರ್ಷ ಈ ಮನೆಯ ಹಿರಿಯ ಅಳಿಯನೂ ಹೀಗೇ ನೆಲ ರೂಢಿ ಎಂದೇ ಮಲಗಿದ್ದ, ಅವನು ಏಳುವ ಹೊತ್ತಿಗೆ ಮಾವನ ಜೋಡೆತ್ತು ಮಾರಾಟವಾಗಿದ್ದವು ಎಂದು ಗುಮಾಸ್ತರು ನೆನಪು ಮಾಡಿಕೊಟ್ಟರು. ಈಗ ಮಾವ ಬೇರೆಯವರ ಎತ್ತು ತಂದು ಹೊಲ ಹೂಡುತ್ತಿದ್ದಾರೆ, ಉಳಿದಿರುವುದು ಕೆಂಚಿ ಒಂದೇ, ಅದರ ಹಾಲು ಮಾರಿ ಮನೆ ನಡೆಯುತ್ತದೆ, ಅದನ್ನು ನೋಡಿಕೊಂಡು ಬಾಯಿ ಬಿಡ್ರಿ ಎಂದು ಕಿವಿಯಲ್ಲಿ ಹೇಳಿ ಎದ್ದರು. ಕೆಂಚಿ ಎಂದರೆ ಎಮ್ಮೆ. ಪಾಡ್ಯದ ಹಬ್ಬಕ್ಕೆಂದು ಅದರ ಕೋಡಿಗೆ ಕೆಂಪು ಬಣ್ಣ ಹಚ್ಚಿದ್ದರು. ಅದು ಬಾಗಿಲಲ್ಲಿ ನಿಂತು ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು.

ನೀವು ಕೇಳಬಹುದು, ಟೊಂಕ ನೋಯುತ್ತದೆ ಎಂದು ಹೇಳಿ ಮುಗಿಸಬೇಕಿತ್ತಪ್ಪ ಎಂದು. ಹೊಸ ಅಳಿಯ ಹೆಂಡತಿಯ ಮನೆಯಲ್ಲಿ ನಿಂತು ನನಗೆ ಟೊಂಕ ಇಲ್ಲ ಎಂದರೆ ಓಣಿ ಏನೆಂದು ನಗುತ್ತದೆ ನಿಮಗೇ ಗೊತ್ತು. ಮೇಲಾಗಿ ಇದೇ ಬೆನ್ನನ್ನು ಅಪ್ಪ ಕೈ ಹಿಡಿದು ಹೊಗಳಿ ಕೊಟ್ಟಿದ್ದ. ರೋಗದ ಗಂಡನ್ನು ಮುಚ್ಚಿಟ್ಟು ಕಟ್ಟಿದರು ಎಂಬ ಮಾತು ಮಸ್ಕಿಯ ತನಕ ಹೋಗುತ್ತದೆ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

ಆ ಸಂಜೆ ಆರತಿಗೆ ಕೂಡಿಸಿದರು. ನೀಲಮ್ಮ ತಲೆ ತುಂಬ ಸೆರಗು ಹೊದ್ದು, ತಟ್ಟೆ ಹಿಡಿದು ಎದುರಿಗೆ ಬಂದು ನಿಂತಳು. ದೀಪದ ಬೆಳಕು ಆಕೆಯ ಮುಖಕ್ಕೆ ಬೀಳುತ್ತಿತ್ತು. ನಾನು ತಟ್ಟೆಯನ್ನೇ ನೋಡುತ್ತಿದ್ದೆ, ಕತ್ತೆತ್ತುವ ಧೈರ್ಯ ಇರಲಿಲ್ಲ. ಆಕೆ ಯಾಕೋ ಒಂದಿಷ್ಟು ಹೆಚ್ಚು ಹೊತ್ತೇ ನಿಂತ ಹಾಗೆ ಅನ್ನಿಸಿತು. ಆಮೇಲೆ ಒಳಗೆ ಹೋದಳು.

ಎಮ್ಮೆ ಉಳಿಯಬೇಕಾದರೆ ನಾನು ಮಂಚದ ಮೇಲೆ ಇರಬೇಕು, ಇಷ್ಟೇ ನನಗೆ ಅರ್ಥವಾದದ್ದು. ಹಲ್ಲು ಕಚ್ಚಿ ಹತ್ತಿದೆ. ನಮ್ಮ ವಂಶದಲ್ಲಿ ಒಂದು ಎಮ್ಮೆಗಾಗಿ ಮಂಚ ಏರಿದವನು ನಾನೊಬ್ಬನೇ. ನವಾರದ ಹಳ್ಳದಲ್ಲಿ ಬಿದ್ದು, ಮಂಚದ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಶಿವ ಶಿವ ಎನ್ನುತ್ತ ಹೊತ್ತು ಕಳೆದೆ. ಕೋಳಿ ಕೂಗುವ ಮುಂಚೆ ನಿದ್ದೆ ಹತ್ತಿತು. ನಿದ್ದೆ ಹತ್ತಿದರೆ ನನಗೆ ಹೊರಳುವ ರೋಗ ಎಂದು ಮೊದಲೇ ಹೇಳಿದ್ದೇನೆ. ಧೊಪ್ಪೆಂದು ಬಿದ್ದೆ. ಎಲ್ಲಿ ಬಿದ್ದೆನೋ ಅಲ್ಲೇ ಸುಖವೆನಿಸಿ ಮಲಗಿಬಿಟ್ಟೆ. ಕಸ ಗುಡಿಸಲು ಬಂದ ಅತ್ತೆ ನನ್ನನ್ನು ಮತ್ತೆ ನೆಲದ ಮೇಲೆ ಕಂಡರು.

ನಾನು ಎದ್ದಾಗ ಮನೆ ಸುಮ್ಮಗಿತ್ತು. ಬಾಗಿಲಲ್ಲಿ ಕೆಂಚಿಯ ಗೂಟ ಖಾಲಿ. ಅವತ್ತು ಲಿಂಗಸುಗೂರಿನ ದನದ ಸಂತೆ ಎಂದು ಗುಮಾಸ್ತರು ತಮ್ಮ ಕಟ್ಟೆಯಿಂದ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಓಡಿದೆ. ಟೊಂಕ ಆಗಲೇ ಹಿಡಿಯತೊಡಗಿತ್ತು, ಒಂದು ಕಾಲು ಎಳೆಯುತ್ತಲೇ ಓಡಿದೆ. ಸಂತೆಯಲ್ಲಿ ದನಗಳ ನಡುವೆ ಕೆಂಪು ಕೋಡು ದೂರದಿಂದಲೇ ಕಂಡಿತು. ಮಾವನ ಬಲಗೈ ದಲ್ಲಾಳಿಯ ವಲ್ಲಿಯ ಕೆಳಗಿತ್ತು. ಆ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು ಅಲ್ಲಿಯ ಕ್ರಮ. ಕೈ ಹೊರಗೆ ಬಂತೆಂದರೆ ವ್ಯಾಪಾರ ಮುಗಿಯಿತು. ಮಾವನ ಮುಖ ಸಪ್ಪಗಾಗಿತ್ತು. ಕೆಂಚಿ ಅವರ ಹೆಗಲ ವಾಸನೆ ನೋಡುತ್ತ ನಿಂತಿತ್ತು. ಬೇಡ ಮಾವಾರ ಎಂದು ಕೂಗಲು ಬಾಯಿ ತೆರೆದೆ. ಟೊಂಕ ಕಟ್ ಎಂದಿತು. ಸಂತೆಯ ನಡುವೆ, ಸಗಣಿ ಧೂಳಿನಲ್ಲಿ, ಅಂಗಾತ ಬಿದ್ದೆ.

ಮಂದಿ ಸುತ್ತ ನೆರೆದರು. ಮಾವ ಬಂದು ನನ್ನ ಮೇಲೆ ಬಗ್ಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಇನ್ನೂ ತಡೆಯಲಾಗದ್ದು.

"ಏಳ್ರಿ ಮಾಸ್ತರ. ಮನ್ಯಾಗ ಮಲಗಿದ್ರಿ, ಸಂತ್ಯಾಗ ಬ್ಯಾಡ್ರಿ. ಸೈಕಲ್ ಕೊಡಸ್ತೀನಿ."

ನನಗೆ ಸೈಕಲ್ ಬೇಡ ಎಂದೆ. ದಲ್ಲಾಳಿ ಅದಕ್ಕೇ ಕಾದಿದ್ದವನ ಹಾಗೆ, "ಯಜಮಾನ್ರ, ಇದು ಸೈಕಲ್ಲಿಗೆ ಮಲಗಿದ್ದಲ್ಲ, ಫಟಫಟಿಗೆ ಮಲಗಿದ್ದು" ಎಂದ. ಮೋಟಾರು ಸೈಕಲ್ಲಿನ ಮಾತು ಕೇಳಿ ಸಂತೆಗೆ ಸಂತೆಯೇ ನಕ್ಕಿತು. ಟೊಂಕ ಹಿಡಿದಿದೆ, ಏಳಲು ಬರುತ್ತಿಲ್ಲ ಎಂದು ಆಗ ಹೇಳಿದೆ. ನುಂಗಿಟ್ಟ ಮಾತನ್ನು ಕೊನೆಗೂ ಹೊರಗೆ ಹಾಕಿದರೆ ಯಾರೂ ನಂಬಲಿಲ್ಲ. ಇಬ್ಬರು ಗಟ್ಟಿಗರು ರಟ್ಟೆಗೆ ಕೈ ಹಾಕಿ ನನ್ನನ್ನು ಎತ್ತಿ ನಿಲ್ಲಿಸಲು ಹೋದರು. ನೋವು ನೆತ್ತಿಗೆ ಹತ್ತಿತು. ಮೀಸೆ ಬಂದ ಗಂಡಸು, ನಾಲ್ಕು ಮಕ್ಕಳಿಗೆ ಮಗ್ಗಿ ಕಲಿಸುವ ಮಾಸ್ತರ ನಾನು, ಯವ್ವಾ ಎಂದು ಬಾಯಿ ತೆಗೆದು ಅತ್ತುಬಿಟ್ಟೆ. ಮೂಗು ಬಾಯಿ ಒಂದಾಗುವ ಹಾಗೆ ಅತ್ತೆ. ನನ್ನ ಶಾಲೆಯ ಹುಡುಗರು ಯಾರೂ ಅಲ್ಲಿ ಇರಲಿಲ್ಲ ಎಂಬುದು ಶಿವನ ದಯ.

ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಆ ಗಟ್ಟಿಗರ ಕೈಯನ್ನು ತಳ್ಳಿದರು.

"ಬಿಡ್ರಿಲೇ ಅವನ್ನ. ಮುನಿಸ್ಯಾಂವ ಅಳಂಗಿಲ್ಲ, ಅಳಸ್ತಾನ. ಇಂವ ಖರೇನ ಅಳಾಕತ್ಯಾನ."

ಅಲ್ಲೇ ಧೂಳಿನಲ್ಲಿ ಕೂತು ತಮ್ಮ ವಲ್ಲಿಯಿಂದ ನನ್ನ ಮೂಗು ಒರೆಸಿದರು. ಅಲ್ಲಿಯ ತನಕ ರೀ ಎನ್ನುತ್ತಿದ್ದವರು ಮೊದಲ ಸಲ ನನ್ನನ್ನು ಅವನು ಇವನು ಎಂದಿದ್ದರು. ನಾಚಿಕೆಯಲ್ಲೂ ಅದೊಂದು ಹಿತವಾಯಿತು. ಮುಂದೆ ಅವರು ಇರುವ ತನಕ ಹಾಗೇ ಕರೆದರು.

ಯಾರದೋ ಎತ್ತಿನ ಚಕ್ಕಡಿ ಮಾಡಿ ನನ್ನನ್ನು ಅದರಲ್ಲಿ ಹಾಕಿದರು. ಹಿಂದೆ ಕೆಂಚಿಯನ್ನು ಕಟ್ಟಿದರು. ಅದರ ಬಿಸಿ ಉಸಿರು ದಾರಿಯುದ್ದಕ್ಕೂ ನನ್ನ ಪಾದಕ್ಕೆ ತಾಗುತ್ತಿತ್ತು. ಓಣಿಯ ಬಾಗಿಲುಗಳಲ್ಲೆಲ್ಲ ಹೆಂಗಸರು. ಗುಮಾಸ್ತರು ಕಟ್ಟೆಯಿಂದ ಇಳಿದು, ಏನು ಫೈಸಲಾ ಆಯಿತು ಎಂದು ಕೇಳಿದರು. ಮಂಚ ತಗೊಂಡು ಹೋಗ್ರಿ ಎಂದರು ಮಾವ.

ಸುದ್ದಿ ಮಸ್ಕಿಗೆ ಮುಟ್ಟಿ ಮರುದಿನವೇ ಅಪ್ಪ ಬಂದ. ಅವನು ನಾಚುತ್ತಾನೆ ಎಂದು ನಾನು ಹೆದರಿದ್ದೆ. ಅವನೆಲ್ಲಿ ನಾಚುತ್ತಾನೆ! ನೆಲಕ್ಕೆ ಮಲಗುವ ಮೈಯನ್ನು ಮಂಚಕ್ಕೆ ಹಾಕಿದರೆ ಹೀಗೇ ಆಗುವುದು ಎಂದು ಓಣಿಯ ಜನರ ನಡುವೆ ಭಾಷಣ ಮಾಡಿದ. ಶೇಂಗಾ ಚೀಲದ ಕಥೆ ಹೇಳಿದರೆ ಕೇಳಿಸಿಕೊಳ್ಳಲೇ ಇಲ್ಲ. ಮಾವನಿಗೂ ಆ ಮಾತು ಹಿಡಿಸಿತು. ಇಬ್ಬರೂ ಬೀಗರು ನನ್ನ ಎರಡೂ ಮಗ್ಗುಲಿಗೆ ನೆಲದ ಮೇಲೆ ಉರುಳಿ, ನಡುವೆ ನನ್ನನ್ನು ಕೆಡವಿಕೊಂಡು, ರಾತ್ರಿಯೆಲ್ಲ ಗೊರಕೆ ಹೊಡೆದರು.

ಇಲ್ಲಿಗೆ ಮುಗಿಸಿ ಎದ್ದುಬಿಡಬೇಕೆಂದಿದ್ದೆ. ಆದರೆ ಸಂತೆಯಿಂದ ಬಂದ ಆ ಸಂಜೆಯ ಮಾತೊಂದು ಉಳಿದಿದೆ. ಸಂತೆಯಲ್ಲಿ ಅತ್ತದ್ದನ್ನು ನಾನು ನಾಲ್ಕು ಜನರೆದುರು ನಗುತ್ತ ಹೇಳಿದ್ದುಂಟು. ಇದನ್ನು ಯಾರಿಗೂ ಹೇಳಿಲ್ಲ.

ಪಡಸಾಲೆಯ ನೆಲದ ಮೇಲೆ ಬೋರಲು ಬಿದ್ದಿದ್ದೆ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ನೀಲಮ್ಮನ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಆಕೆ ನನ್ನ ಟೊಂಕಕ್ಕೆ ಶಾಖ ಕೊಡುತ್ತಿದ್ದಳು. ಮದುವೆಯಾದ ಮೇಲೆ ನಾವಿಬ್ಬರೇ ಒಂದು ಕಡೆ ಇದ್ದದ್ದು ಅದೇ ಮೊದಲು. ಮುಖ ನೆಲಕ್ಕಿದ್ದುದರಿಂದ ನನಗೆ ಧೈರ್ಯ ಬಂತು.

"ನೀನೂ ನಂಬಿದ್ದೇನು?" ಎಂದು ಕೇಳಿದೆ.

ಶಾಖದ ಗಂಟು ಅಲ್ಲೇ ನಿಂತಿತು.

"ನಂಬಿದ್ನಿರಿ," ಎಂದಳು.

ಆಮೇಲೆ ಸೆರಗಿನ ಚುಂಗಿನಲ್ಲಿದ್ದ ಗಂಟನ್ನು ಬಿಚ್ಚಿ, ನನ್ನ ಮುಖದ ಹತ್ತಿರ, ನೆಲದ ಮೇಲೆ, ಎರಡು ಬೆಂಡೋಲೆ ಇಟ್ಟಳು. ಮದುವೆಯಲ್ಲಿ ಆಕೆಯ ಅವ್ವ ಹಾಕಿದವು.

"ಕೆಂಚಿ ಹೋಗಾದ್ರಕಿಂತ ಇವು ಹೋಗ್ಲಿ ಅಂತ ತಗದಿಟ್ಟಿದ್ನಿ. ನಿಮಗ ಹ್ಯಾಂಗ ಕೊಡಬೇಕೋ ತಿಳೀಲಿಲ್ಲ. ಬರೇ ಕಿವಿ ನೋಡಿ ನೀವ ಕೇಳ್ತೀರಿ, ಆವಾಗ ಕೊಡೂಣು ಅಂದ್ಕೊಂಡಿದ್ನಿ. ಆರತಿ ಮಾಡುವಾಗ ಸೆರಗು ಹಿಂದ ಸರಿಸಿಕೊಂಡು ನಿಂತಿದ್ನಿ. ನೀವು ನೋಡ್ಲಿಲ್ಲ."

ನಾನು ಕತ್ತು ಹೊರಳಿಸಿ ನೋಡಿದೆ. ಕಿವಿಯ ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಮುರಿದು ಹಾಕಿಕೊಂಡಿದ್ದಳು. ಹಬ್ಬದ ಎರಡೂ ದಿನ ಹಾಗೇ ಓಡಾಡಿದ್ದಳು. ಮನೆಯ ತುಂಬ ಹೆಂಗಸರು ಕಂಡಿರಬೇಕು, ಯಾಕೆಂದು ಎಲ್ಲರಿಗೂ ತಿಳಿದಿರಬೇಕು. ಸಂತೆಯಲ್ಲಿ ಬಿದ್ದಾಗ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ. ಬೆಂಡೋಲೆಗಳನ್ನು ಬೆರಳಿನಿಂದ ಆಕೆಯ ಕಡೆಗೇ ಸರಿಸಿದೆ. ಆಕೆ ಮತ್ತೆ ಶಾಖ ಕೊಡತೊಡಗಿದಳು.

ಇರಲಿ. ಸುಜಾತಾ ಕೌದಿ ಹಿಡಿದು ನಿಂತಿದ್ದಾಳೆ, ಬಹಳ ಹೊತ್ತು ಕಾಯಿಸಿದೆ. ಅವಳ ಪ್ರಶ್ನೆಗೆ ನಾನು ಬಾಯಿ ತೆರೆಯುವ ಮೊದಲೇ ನೀಲಮ್ಮ ಮಂಚದ ಮೇಲಿನಿಂದ ಮಾತಾಡಿದಳು. ಈಗ ಆಕೆಗೆ ಮೊಣಕಾಲು ಮಡಚಲು ಬರುವುದಿಲ್ಲ, ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಹಾಗಾಗಿ ಮಂಚ ಆಕೆಯದು.

"ಅವರಿಗೇನೂ ಬ್ಯಾಡವ್ವಾ. ಟೊಂಕ ಅಷ್ಟ. ಹಾಸಿಕೊಡು."

ಸುಜಾತಾ ಹಾಸಿಕೊಟ್ಟು ಹೋದಳು. ನಾನು ಒಂದು ಕೈ ಊರಿ, ಇನ್ನೊಂದು ಕೈಯಿಂದ ಮಂಚದ ಕಾಲು ಹಿಡಿದು, ಕೆಳಗಿಳಿದು, ಬೆನ್ನು ಚಾಚಿದೆ. ಹಾಯೆನಿಸಿತು. ದೀಪ ಆರಿಸಲೇನ್ರಿ ಎಂದು ನೀಲಮ್ಮ ಕೇಳಿದಳು. ತಡಿ ಎಂದೆ. ದಿನಾ ಮಲಗುವ ಮುಂಚೆ ನಾನು ತಡಿ ಎನ್ನುವುದು ಯಾಕೆಂದು ಆಕೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ನೆಲದಿಂದ ಕತ್ತೆತ್ತಿ ಆಕೆಯ ಕಿವಿ ನೋಡಿದೆ, ಮೊದಲು ಈ ಕಡೆಯದು. ಆಕೆ ತಾನಾಗಿಯೇ ಮುಖ ತಿರುಗಿಸಿ ಆ ಕಡೆಯದನ್ನೂ ತೋರಿಸಿದಳು.